ಹಿಂಬಾಗಿಲು ತೆಗೆಯುವುದೆಲ್ಲಿ? ಜರ್ಮನಿಯಲ್ಲಿದ್ದ ವಾರಿಯರ್ ಕಂಪನಿಯ ಬದುಕು

ಸರಪಳಿಯ ಮೇಲೆ ಓಡುವ, ತಲೆಯ ಮೇಲೊಂದು ತೋಪು ಹೊತ್ತ ಯಾವ ಗಾಡಿ ಕಂಡರೂ ನಮ್ಮ ಸುದ್ದಿ ವಾಹಿನಿಗಳು ಅದನ್ನು ‘ಟ್ಯಾಂಕ್’ ಎಂದುಬಿಡುತ್ತವೆ. ಎಷ್ಟೋ ಸಲ ಅದು ಟ್ಯಾಂಕ್ ಆಗಿರುವುದೇ ಇಲ್ಲ. ಅದರ ಹೊಟ್ಟೆಯಲ್ಲಿ ಏಳು ಜನ ಕಾಲಾಳುಗಳು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಹೊರಗೇನು ನಡೆಯುತ್ತಿದೆ ಎಂದು ತಿಳಿಯದೆ ಕೂತಿರುತ್ತಾರೆ. ಆ ಏಳು ಜನರನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಇಳಿಸುವುದೇ ಗಾಡಿಯ ಕೆಲಸ. ಇಂಥ ಗಾಡಿಗಳಲ್ಲಿ ಓಡಾಡಿ, ಇಳಿದು, ಕಾಲ್ನಡಿಗೆಯಲ್ಲಿ ಕಾದಾಡುವ ದಳವನ್ನು ಬ್ರಿಟಿಷರು ಆರ್ಮರ್ಡ್ ಇನ್‌ಫೆಂಟ್ರಿ ಎನ್ನುತ್ತಾರೆ. ಅವರ ಇಂಥ ಗಾಡಿಯೊಂದರ ಹೆಸರು ವಾರಿಯರ್. ನಮ್ಮ ಸೇನೆಯಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಮೆಕನೈಸ್ಡ್ ಇನ್‌ಫೆಂಟ್ರಿಯದು.

ಇದರ ಅಗತ್ಯ ಹುಟ್ಟಿದ್ದು ಸರಳ ಕಾರಣಕ್ಕೆ. ಬಯಲಿನಲ್ಲಿ ಟ್ಯಾಂಕಿಗೆ ಎದುರಿಲ್ಲ, ಆದರೆ ಕಾಡಿನೊಳಗೆ, ಹಳ್ಳಿಯ ಓಣಿಯಲ್ಲಿ, ಕಂದಕದ ಮುಂದೆ ಅದು ಅರೆಗುರುಡು. ಪೊದೆಯಲ್ಲಿ ಅಡಗಿದ ಒಬ್ಬನ ಕೈಯಲ್ಲಿ ರಾಕೆಟ್ ಇದ್ದರೆ ಅದರ ಕತೆ ಮುಗಿಯಿತು. ಆ ಒಬ್ಬನನ್ನು ಹೊರಗೆಳೆಯಲು ಕಾಲಾಳುಗಳೇ ಬೇಕು. ಕಾಲಾಳು ಲಾರಿಯಲ್ಲಿ ಬಂದರೆ ಟ್ಯಾಂಕಿನ ಜೊತೆ ಹೊಲಗದ್ದೆ ದಾಟಲಾರ, ಮೇಲೆ ಸಿಡಿಯುವ ಶೆಲ್ಲುಗಳ ಚೂರಿಗೆ ದಾರಿಯಲ್ಲೇ ಬೀಳುತ್ತಾನೆ. ಹಾಗಾಗಿ ಅವನನ್ನೂ ಕವಚದೊಳಗೆ ಕೂರಿಸಿ ಟ್ಯಾಂಕಿನ ವೇಗದಲ್ಲೇ ಕರೆದೊಯ್ಯಬೇಕಾಯಿತು. ಹೇಳುವುದು ಸುಲಭ. ಮಾಡಿ ತೋರಿಸಲು ನೂರಿಪ್ಪತ್ತರ ಆಸುಪಾಸಿನ ಸೈನಿಕರ ಒಂದು ಕಂಪನಿಗೆ ವರ್ಷಗಟ್ಟಲೆ ತಾಲೀಮು ಬೇಕು, ಮತ್ತು ಆ ತಾಲೀಮು ಬಹುಪಾಲು ನಡೆದದ್ದು ಬ್ರಿಟನ್ನಿನ ನೆಲದಲ್ಲಲ್ಲ.

1945ರಲ್ಲಿ ಸೋತ ಜರ್ಮನಿಯನ್ನು ಆಳಲು ಉಳಿದುಕೊಂಡ ಬ್ರಿಟಿಷ್ ಸೇನೆ, ಶೀತಲ ಸಮರ ಶುರುವಾದ ಮೇಲೆ ಅದೇ ಜರ್ಮನಿಯನ್ನು ಕಾಯುವ ಸೇನೆಯಾಯಿತು. ರೈನ್ ಸೇನೆ ಎಂದು ಅದರ ಹೆಸರು. ಸುಮಾರು 55,000 ಸೈನಿಕರು ಓಸ್ನಾಬ್ರುಕ್, ಪಾಡರ್‌ಬಾರ್ನ್, ಮುನ್ಸ್ಟರ್, ಮಿಂಡನ್, ಫಾಲಿಂಗ್‌ಬಾಸ್ಟಲ್ ಮುಂತಾದ ಊರುಗಳ ಬ್ಯಾರಕ್ಕುಗಳಲ್ಲಿ ಹರಡಿಕೊಂಡಿದ್ದರು. ಪೂರ್ವದಿಂದ ಸೋವಿಯತ್ ಟ್ಯಾಂಕುಗಳು ಹರಿದುಬಂದರೆ ಉತ್ತರ ಜರ್ಮನಿಯ ಬಯಲಿನಲ್ಲಿ, ಹ್ಯಾನೋವರ್ ಸುತ್ತಿನ ನದಿಗಳ ದಂಡೆಯಲ್ಲಿ ತಡೆದು ನಿಲ್ಲಿಸುವುದು ಅವರ ಪಾಲಿನ ಕೆಲಸ. ಅಂಥ ಯುದ್ಧ ಬರಲೇ ಇಲ್ಲ. ನಾಲ್ಕೂವರೆ ದಶಕಗಳ ಕಾಲ ಒಂದು ಇಡೀ ಸೇನೆ ಬಾರದ ಯುದ್ಧಕ್ಕೆ ತಯಾರಾಗುತ್ತಲೇ ಇತ್ತು.

ಮೊದಲು ಅವರ ಕೈಯಲ್ಲಿದ್ದದ್ದು 1960ರ ದಶಕದಲ್ಲಿ ಬಂದ ಎಫ್‌ವಿ432. ಮೇಲೊಂದು ಮಷಿನ್‌ಗನ್ ಇದ್ದ ತಗಡಿನ ಪೆಟ್ಟಿಗೆ ಅದು. ಅದರ ಕೆಲಸ ಜನರನ್ನು ತಂದಿಳಿಸಿ ಹಿಂದೆ ಸರಿಯುವುದು. ಸೈನಿಕರ ಬಾಯಲ್ಲಿ ಅದು ‘ಯುದ್ಧದ ಟ್ಯಾಕ್ಸಿ’. 1980ರ ದಶಕದ ಕೊನೆಯಲ್ಲಿ ವಾರಿಯರ್ ಬಂದಾಗ ಲೆಕ್ಕ ಬದಲಾಯಿತು. ಸುಮಾರು 25 ಟನ್ ತೂಕ, 550 ಅಶ್ವಶಕ್ತಿಯ ಪರ್ಕಿನ್ಸ್ ಡೀಸೆಲ್ ಎಂಜಿನ್, ರಸ್ತೆಯಲ್ಲಿ ಗಂಟೆಗೆ 75 ಕಿ.ಮೀ. ವೇಗ, ಮೇಲೆ ತಿರುಗುವ ಗೋಪುರದಲ್ಲಿ, ಅಂದರೆ ಟರೆಟ್‌ನಲ್ಲಿ, 30 ಮಿ.ಮೀ. ರಾರ್ಡನ್ ತೋಪು ಮತ್ತು ಅದರ ಪಕ್ಕಕ್ಕೊಂದು 7.62 ಮಿ.ಮೀ. ಚೈನ್‌ಗನ್ ಎಂಬ ಮಷಿನ್‌ಗನ್. ಇದು ಇಳಿಸಿ ಹೋಗುವ ಗಾಡಿಯಲ್ಲ, ಇಳಿಸಿದ ಮೇಲೂ ನಿಂತು ಗುಂಡು ಹಾರಿಸಿ ಇಳಿದವರಿಗೆ ಬೆಂಬಲ ಕೊಡುವ ಗಾಡಿ.

ಕಂಪನಿಯ ಲೆಕ್ಕ ಹೀಗಿತ್ತು. ಮೂರು ಪ್ಲಟೂನ್, ಪ್ರತಿ ಪ್ಲಟೂನಿಗೆ ನಾಲ್ಕು ವಾರಿಯರ್. ಕಂಪನಿಯ ಕಮಾಂಡರನಾದ ಮೇಜರ್‌ಗೊಂದು, ಅವನ ಕೆಳಗಿನ ಕ್ಯಾಪ್ಟನ್‌ಗೊಂದು. ಒಟ್ಟು 14. ಇವುಗಳ ಹಿಂದೆ ರಿಪೇರಿ ಮಾಡುವ ಮೆಕ್ಯಾನಿಕ್‌ಗಳ ಗಾಡಿ, ಆಂಬುಲೆನ್ಸ್, ಡೀಸೆಲ್ ಮತ್ತು ಮದ್ದುಗುಂಡಿನ ಲಾರಿಗಳು. ಪ್ರತಿ ವಾರಿಯರ್‌ಗೆ ಚಾಲಕ, ಗನ್ನರ್, ಕಮಾಂಡರ್ ಎಂದು ಮೂವರು. ಅಂದರೆ ನೂರಿಪ್ಪತ್ತರ ಆಸುಪಾಸಿನ ಕಂಪನಿಯಲ್ಲಿ 42 ಜನ ಗಾಡಿಗೇ ಮೀಸಲು. ಅಡುಗೆ, ಉಗ್ರಾಣ, ರಜೆ, ಕಾಯಿಲೆ ಎಲ್ಲ ಕಳೆದರೆ ನೆಲಕ್ಕಿಳಿದು ಬಂದೂಕು ಹಿಡಿಯುವವರು ಅರ್ಧಕ್ಕಿಂತ ಹೆಚ್ಚೇನೂ ಉಳಿಯುವುದಿಲ್ಲ. ಕವಚ ಕೊಟ್ಟ ಬಲಕ್ಕೆ ತೆತ್ತ ಬೆಲೆ ಇದು. ಹೊರಗಿನಿಂದ ಒಂದೇ ಕಂಪನಿ, ಒಳಗೆ ಎರಡು: ಗಾಡಿಯವರು ಮತ್ತು ನಡೆಯುವವರು. ಇವರಿಬ್ಬರ ನಡುವೆ ಹೊಂದಾಣಿಕೆ ತಪ್ಪಿದರೆ ಕಂಪನಿ ನುರಿತ ದಳವಾಗಿ ಉಳಿಯುವುದಿಲ್ಲ.

ಒಳಗಿನ ಪಾಡು ನೋಡಿ. ಚಾಲಕ ಮುಂದೆ ಎಡಕ್ಕೆ, ಅವನ ಬಲ ಮಗ್ಗುಲಿಗೇ ಎಂಜಿನ್. ಬೇಸಿಗೆಯಲ್ಲಿ ಬೇಯುತ್ತಾನೆ, ಚಳಿಗಾಲದಲ್ಲಿ ಮಾತ್ರ ಎಲ್ಲರ ಅಸೂಯೆಗೆ ಪಾತ್ರ. ಹಿಂದಿನ ಬೆಂಚುಗಳಲ್ಲಿ ಏಳು ಜನ, ಅವರ ಕಾಲಿನ ಸಂದಿಯಲ್ಲಿ ಚೀಲ, ರಾಕೆಟ್, ಗುಂಡಿನ ಪೆಟ್ಟಿಗೆ, ನೀರಿನ ಕ್ಯಾನು. ಬಿಎಂಪಿ ಎಂಬ ಇಂಥದೇ ಸೋವಿಯತ್ ಗಾಡಿಗಳಲ್ಲಿ ಹಿಂದೆ ಕೂತವರು ಒಳಗಿನಿಂದಲೇ ಬಂದೂಕು ಚಾಚಿ ಹೊಡೆಯಲೆಂದು ಪಕ್ಕದಲ್ಲಿ ಕಿಂಡಿಗಳಿದ್ದವು. ವಾರಿಯರ್‌ನಲ್ಲಿ ಅವನ್ನು ಬೇಕೆಂದೇ ಇಡಲಿಲ್ಲ. ಕುಲುಕುವ ಗಾಡಿಯಿಂದ ಕಿಂಡಿಯಲ್ಲಿ ಹಾರಿಸಿದ ಗುಂಡು ಯಾರಿಗೂ ತಾಗುವುದಿಲ್ಲ, ಕಿಂಡಿ ಕೊರೆದಷ್ಟೂ ಕವಚ ದುರ್ಬಲ ಎಂಬುದು ಬ್ರಿಟಿಷರ ಎಣಿಕೆ. ನನಗೆ ಇದೇ ಸರಿ ಅನ್ನಿಸುತ್ತದೆ. ಆದರೆ ಪರಿಣಾಮವಾಗಿ ಹಿಂದೆ ಕೂತವರು ಬಹುಪಾಲು ಕತ್ತಲಲ್ಲೇ ಇರಬೇಕು. ಗಾಡಿ ಎಡಕ್ಕೆ ತಿರುಗಿತೋ ಬಲಕ್ಕೋ ಎಂಬುದು ಹೊಟ್ಟೆ ತೊಳಸುವುದರಿಂದ ತಿಳಿಯಬೇಕು. ಗಂಟೆಗಟ್ಟಲೆ ಹೀಗೆ ಕುಲುಕಿ, ಡೀಸೆಲ್ ವಾಸನೆ ಕುಡಿದು, ಅರೆನಿದ್ದೆಯಲ್ಲಿದ್ದವನು ಬಾಗಿಲು ತೆರೆದ ಕ್ಷಣದಲ್ಲಿ ಹೊರಗೆ ಹಾರಿ, ಶತ್ರು ಯಾವ ದಿಕ್ಕಿಗೆ ಎಂದು ಅರಿತು, ನೆಲಕ್ಕೆ ಬಿದ್ದು ಗುರಿ ಹಿಡಿಯಬೇಕು.

ಈ ಕ್ಷಣಕ್ಕೆ ಸೈನಿಕರ ಮಾತಿನಲ್ಲಿ ‘ಡೀಬಸ್’ ಎನ್ನುತ್ತಾರೆ. ಆರ್ಮರ್ಡ್ ಇನ್‌ಫೆಂಟ್ರಿಯ ತರಬೇತಿಯೆಲ್ಲ ಇದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಲ್ಲಿ ಇಳಿಸಬೇಕು? ಶತ್ರುವಿನ ಕಂದಕಕ್ಕೆ ನಾನೂರು ಮೀಟರ್ ಹಿಂದೆ ಇಳಿಸಿದರೆ ಗಾಡಿ ಭದ್ರ, ಆದರೆ ಇಳಿದವರು ಆ ನಾನೂರು ಮೀಟರನ್ನು ಗುಂಡಿನ ಮಳೆಯಲ್ಲಿ ಓಡಬೇಕು. ಕಂದಕದ ಮೇಲೆಯೇ ತಂದು ನಿಲ್ಲಿಸಿದರೆ ಓಟ ಉಳಿಯಿತು, ಆದರೆ ಹತ್ತು ಜನರನ್ನು ಹೊತ್ತ ಗಾಡಿ ಒಂದೇ ರಾಕೆಟ್ಟಿಗೆ ಆಹುತಿಯಾಗಬಹುದು. ಕಂದಕ ದಾಟಿ ಆಚೆ ಇಳಿಸಿದರೆ ಶತ್ರು ತಬ್ಬಿಬ್ಬಾಗುತ್ತಾನೆ, ಆದರೆ ಆಗ ಹಿಂದಿನಿಂದ ಬೆಂಬಲಕ್ಕೆ ಹೊಡೆಯುತ್ತಿರುವ ನಮ್ಮವರ ಗುಂಡಿಗೆ ನಾವೇ ಅಡ್ಡ. ಪುಸ್ತಕದಲ್ಲಿ ಇದಕ್ಕೊಂದು ಉತ್ತರವಿಲ್ಲ. ಶತ್ರುವಿನ ಕೈಯಲ್ಲಿ ಯಾವ ಆಯುಧವಿದೆ, ನೆಲ ಹೇಗಿದೆ, ಮರೆಗೆ ಗುಡ್ಡವಿದೆಯೇ ಎಂದು ನೋಡಿ ಟರೆಟ್‌ನಲ್ಲಿ ನಿಂತವನು ಆ ಹೊತ್ತಿಗೆ ತೀರ್ಮಾನಿಸಬೇಕು. ಎಷ್ಟೋ ಸಲ ಆ ತೀರ್ಮಾನ ಇಪ್ಪತ್ತರ ಆಚೀಚಿನ ಒಬ್ಬ ಹುಡುಗನ ಹೆಗಲ ಮೇಲೆ.

ಅದಕ್ಕೇ ಗಾಡಿಯೊಳಗಿನ ಮಾತು ನಿಲ್ಲುವಂತಿಲ್ಲ. ಕಮಾಂಡರ್ ಇಂಟರ್‌ಕಾಮ್‌ನಲ್ಲಿ ಹಿಂದೆ ಕೂತವರ ಗುಂಪಿನ, ಅಂದರೆ ಸೆಕ್ಷನ್ನಿನ, ನಾಯಕನಿಗೆ ಕಂಡದ್ದನ್ನೆಲ್ಲ ಹೇಳುತ್ತಲೇ ಇರಬೇಕು: ‘ಎಡಕ್ಕೆ ಕಾಡಿನಂಚು, ಹನ್ನೊಂದು ಗಂಟೆ ದಿಕ್ಕಿಗೆ ಒಂಟಿ ಮನೆ, ಇನ್ನೊಂದು ನಿಮಿಷ’. ಆ ನಾಯಕ ಅದನ್ನೇ ಕಿರುಚಿ ಉಳಿದವರಿಗೆ ದಾಟಿಸುತ್ತಾನೆ. ಗಾಡಿ ನಿಲ್ಲುವಾಗ ಮೂತಿ ಶತ್ರುವಿನತ್ತ ಇರಬೇಕು. ಮುಂದಿನ ಕವಚ ದಪ್ಪ, ಬಾಗಿಲು ಹಿಂದೆ, ಇಳಿಯುವವರಿಗೆ ಇಡೀ ಗಾಡಿಯೇ ಮರೆ. ಚಾಲಕ ಗಾಡಿಯನ್ನು ಹತ್ತು ಡಿಗ್ರಿ ಓರೆಯಾಗಿ ನಿಲ್ಲಿಸಿದರೂ ಮೊದಲು ಇಳಿದವನ ಮೈ ಬಯಲಾಗುತ್ತದೆ. ಚೆನ್ನಾಗಿ ಗಾಡಿ ಓಡಿಸುವುದು ಎಂದರೆ ವೇಗವಾಗಿ ಓಡಿಸುವುದಲ್ಲ, ಹಿಂದಿನವರು ಗೋಡೆಗೆ ತಲೆ ಚಚ್ಚಿಕೊಳ್ಳದಂತೆ ತಂದು ಸರಿಯಾದ ಕೋನಕ್ಕೆ ನಿಲ್ಲಿಸುವುದು. ಇದು ಕಲಿಯಲು ತಿಂಗಳುಗಳೇ ಬೇಕು.

ಗನ್ನರನ ಕಷ್ಟ ಬೇರೆ. ರಾರ್ಡನ್ ತೋಪು ಗುರಿಯಲ್ಲಿ ನಿಖರ, ಹಾರಿಸಿದ ಗುಂಡಿನ ಖಾಲಿ ಕೋಶವನ್ನು ಹೊರಕ್ಕೆ ಎಸೆಯುವುದರಿಂದ ಒಳಗೆ ಹೊಗೆ ಕಡಿಮೆ. ಆದರೆ ಅದಕ್ಕೆ ಸ್ಥಿರೀಕರಣವಿಲ್ಲ. ಗಾಡಿ ಕುಲುಕಿದರೆ ತೋಪೂ ಕುಲುಕುತ್ತದೆ, ಹಾಗಾಗಿ ಗುರಿಯಿಟ್ಟು ಹೊಡೆಯಬೇಕೆಂದರೆ ನಿಲ್ಲಲೇಬೇಕು. ಗುಂಡುಗಳನ್ನು ಮೂರು ಮೂರರ ಕ್ಲಿಪ್ಪಿನಲ್ಲಿ ಕೈಯಿಂದಲೇ ತುಂಬಬೇಕು, ಒಮ್ಮೆಗೆ ಆರು. 1980ರ ದಶಕದ ಕೊನೆಯಲ್ಲಿ ಸೇವೆಗೆ ಬಂದ ಗಾಡಿಗೆ ಇದು ಹಿಂದುಳಿದ ವ್ಯವಸ್ಥೆಯೇ. ಅದೇ ಕಾಲದ ಅಮೆರಿಕದ ಬ್ರ್ಯಾಡ್ಲಿ ಓಡುತ್ತಲೇ ಹೊಡೆಯುತ್ತಿತ್ತು. ಈ ಕೊರತೆಯನ್ನು ತುಂಬಿದ್ದು ತರಬೇತಿ: ಒಂದು ಗಾಡಿ ಓಡುವಾಗ ಇನ್ನೊಂದು ನಿಂತು ಹೊಡೆಯುವುದು, ಆಮೇಲೆ ಅದು ಓಡುವಾಗ ಇದು ನಿಲ್ಲುವುದು. ಜೋಡಿಯಾಗಿ ಕಪ್ಪೆಯಂತೆ ಜಿಗಿಯುವ ಈ ಅಭ್ಯಾಸವನ್ನು ನಿದ್ದೆಯಲ್ಲೂ ಮಾಡುವಷ್ಟು ರೂಢಿಸುತ್ತಿದ್ದರು.

ಹೊಸ ಚಾಲಕನಾಗಲಿ ಗನ್ನರನಾಗಲಿ ಮೊದಲು ಇಂಗ್ಲೆಂಡಿನ ಶಾಲೆಗಳಲ್ಲೋ ಬೆಟಾಲಿಯನ್ನಿನ ತರಗತಿಗಳಲ್ಲೋ ಒಬ್ಬನೇ ಕಲಿಯುತ್ತಾನೆ. ಆಮೇಲೆ ಸೆಕ್ಷನ್, ಪ್ಲಟೂನ್, ಕಂಪನಿ. ಕೊನೆಗೆ ಟ್ಯಾಂಕಿನವರ ಜೊತೆ ಬೆರಕೆ. ಕಂಪನಿಯ ಒಂದು ಪ್ಲಟೂನು ಟ್ಯಾಂಕಿನವರ ಕಂಪನಿಯಾದ ಸ್ಕ್ವಾಡ್ರನ್ನಿಗೆ ಹೋಗುತ್ತದೆ, ಅಲ್ಲಿಂದ ಅವರ ಪ್ಲಟೂನಿನಂಥ ಒಂದು ಟ್ಯಾಂಕ್ ಟ್ರೂಪ್ ಇಲ್ಲಿಗೆ ಬರುತ್ತದೆ. ಗುಂಡು ಹಾರಿಸಲು ಹೋನೆ ಮತ್ತು ಸೆನ್ನೆಲಾಗರ್‌ನ ಬಯಲುಗಳು, ಓಡಾಟಕ್ಕೆ ಸೋಲ್ಟೌ–ಲುನೆಬುರ್ಗ್‌ನ ಮರಳು ಮಣ್ಣಿನ ಹುಲ್ಲುನೆಲ. ಕೆಲವೊಮ್ಮೆ ರೈತರ ಹೊಲಗಳಲ್ಲೇ ಸಮರಾಭ್ಯಾಸ. ಗಾಡಿಗಳನ್ನು ಯಾರದೋ ಕೊಟ್ಟಿಗೆಯಲ್ಲಿ ಅಡಗಿಸಿ ಬಲೆ ಹೊದಿಸುವುದು, ತುಳಿದ ಗೋಧಿಗೆ, ಕೆಡವಿದ ಬೇಲಿಗೆ ಅಧಿಕಾರಿಗಳು ಬಂದು ಪರಿಹಾರ ಲೆಕ್ಕ ಹಾಕುವುದು. ಕಂಪನಿ ಕಾಡಿನಲ್ಲಿ ಅಡಗಿದ ಜಾಗ ಅತಿ ಗುಟ್ಟು, ಆದರೆ ಬ್ರಾಟ್‌ವುರ್ಸ್ಟ್ ಎಂಬ ಸಾಸೇಜ್ ಮಾರುವ ಜರ್ಮನ್ ವ್ಯಾನಿನವನಿಗೆ ಮಾತ್ರ ಹೇಗೋ ಗೊತ್ತಿರುತ್ತಿತ್ತು ಎಂಬುದು ರೈನ್ ಸೇನೆಯ ಹಳಬರೆಲ್ಲ ಹೇಳುವ ಮಾತು.

ದೊಡ್ಡ ಪರೀಕ್ಷೆ ನಡೆಯುತ್ತಿದ್ದದ್ದು ಅಟ್ಲಾಂಟಿಕ್ ದಾಟಿ ಕೆನಡಾದಲ್ಲಿ. 1969ರಲ್ಲಿ ಗಡಾಫಿ ಅಧಿಕಾರ ಹಿಡಿದ ಮೇಲೆ ಲಿಬಿಯಾದ ಮರುಭೂಮಿ ಬ್ರಿಟಿಷರ ಕೈ ತಪ್ಪಿತು. ಬದಲಿಗೆ ಸಿಕ್ಕಿದ್ದು ಆಲ್ಬರ್ಟಾ ಪ್ರಾಂತ್ಯದ ಸಫೀಲ್ಡ್, ಮೆಡಿಸಿನ್ ಹ್ಯಾಟ್ ಎಂಬ ಊರಿನ ಹತ್ತಿರ ಸುಮಾರು 2,700 ಚದರ ಕಿ.ಮೀ. ಹುಲ್ಲುಗಾವಲು. ಇಂಗ್ಲೆಂಡಿನ ಅತಿ ದೊಡ್ಡ ತರಬೇತಿ ನೆಲವಾದ ಸಾಲಿಸ್‌ಬರಿ ಬಯಲಿನ ಏಳು ಪಟ್ಟು. 1972ರಿಂದ ಇಲ್ಲಿ ಬ್ರಿಟಿಷ್ ತರಬೇತಿ ಘಟಕವಿದೆ. ಗಾಡಿಗಳು ಅಲ್ಲೇ ಇರುತ್ತಿದ್ದವು, ಜನ ಮಾತ್ರ ವಿಮಾನದಲ್ಲಿ ಬಂದು, ವಾರಗಟ್ಟಲೆ ಬಯಲಲ್ಲೇ ಮಲಗಿ, ಕಾದಾಡಿ, ಗಾಡಿಯನ್ನು ಮುಂದಿನವರಿಗೆ ಒಪ್ಪಿಸಿ ಹೋಗುತ್ತಿದ್ದರು. ಟ್ಯಾಂಕು, ಫಿರಂಗಿ, ಕಾಲಾಳು, ಎಂಜಿನಿಯರ್ ಎಲ್ಲರೂ ಒಟ್ಟಿಗೆ ನಿಜವಾದ ಮದ್ದುಗುಂಡಿನಲ್ಲಿ ತಾಲೀಮು ನಡೆಸಲು ಜರ್ಮನಿಯ ಯಾವ ಮೈದಾನವೂ ಸಾಲುತ್ತಿರಲಿಲ್ಲ. ಇಲ್ಲಿ ಗುರುತಿಗೆ ಮರವೂ ಇಲ್ಲ, ಮನೆಯೂ ಇಲ್ಲ. ಜಿಪಿಎಸ್ ಇಲ್ಲದ ಕಾಲದಲ್ಲಿ ರಾತ್ರಿ ದಾರಿ ತಪ್ಪಿದ ಪ್ಲಟೂನು ಬೆಳಗಾಗುವವರೆಗೂ ಸುತ್ತುವುದು ಹೊಸತೇನಲ್ಲ.

ಇಷ್ಟೆಲ್ಲ ಓದಿದರೆ ದಿನವೂ ಗುಡುಗು ಸಿಡಿಲಿನ ಬದುಕು ಅನ್ನಿಸಬಹುದು. ವಾಸ್ತವದಲ್ಲಿ ಕಂಪನಿಯ ಹೆಚ್ಚಿನ ದಿನಗಳು ಕಳೆಯುತ್ತಿದ್ದದ್ದು ಗ್ರೀಸಿನ ಡಬ್ಬಿಯ ಜೊತೆ. ಸರಪಳಿ ಗಾಡಿ ತನ್ನನ್ನು ತಾನೇ ಸವೆಸಿಕೊಳ್ಳುವ ಯಂತ್ರ. ಹೊರಡುವ ಮುನ್ನ ತಪಾಸಣೆ, ಪ್ರತಿ ನಿಲುಗಡೆಯಲ್ಲಿ ತಪಾಸಣೆ, ದಿನದ ಕೊನೆಗೆ ಮತ್ತೆ ತಪಾಸಣೆ: ಸರಪಳಿಯ ಬಿಗಿ, ಸವೆದ ಪಿನ್ನು, ಜರ್ಮನಿಯ ರಸ್ತೆ ಹಾಳಾಗದಂತೆ ಸರಪಳಿಗೆ ತೊಡಿಸಿದ ರಬ್ಬರ್ ಪಟ್ಟಿ, ಚಕ್ರದ ಗುಂಬಕ್ಕೆ ಕೈಯಿಟ್ಟು ಅತಿ ಬಿಸಿಯೇ ಎಂದು ನೋಡುವುದು. ಕೆಸರಿನಲ್ಲಿ ಸರಪಳಿ ಕಳಚಿದರೆ ಸುತ್ತಿಗೆ, ಸರಳು, ಬೈಗುಳ ಮೂರೂ ಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಂಟಾಗಿರುವುದರಿಂದ ಮೆಕ್ಯಾನಿಕ್‌ಗಳು ಕ್ರೇನಿನಲ್ಲಿ ಅದನ್ನು ಇಡಿಯಾಗಿ ಎತ್ತಿ ಕಾಡಿನಲ್ಲೇ ಬದಲಿಸಬಲ್ಲರು. ಕಂಪನಿಯಲ್ಲಿ ಮೇಜರ್‌ಗಿಂತ ಮೆಕ್ಯಾನಿಕ್‌ಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂಬುದು ಜಾಣ ಚಾಲಕರ ನೀತಿ.

ಒಳಗೊಂದು ಸುಖವಿತ್ತು: ನೀರು ಕಾಯಿಸುವ ವಿದ್ಯುತ್ ಪಾತ್ರೆ. ಎರಡನೇ ಮಹಾಯುದ್ಧದ ಕೊನೆಗೆ ಬಂದ ಸೆಂಚುರಿಯನ್ ಟ್ಯಾಂಕಿನಿಂದ ಶುರುವಾಗಿ ಬ್ರಿಟಿಷ್ ಕವಚವಾಹನಗಳಲ್ಲಿ ಇದು ಕಡ್ಡಾಯ ಎಂಬಂತಾಗಿದೆ. ಚಹಾ, ಚೀಲದಲ್ಲೇ ಕುದಿಸುವ ಊಟ, ಗಡ್ಡ ಹೆರೆಯಲು ಬಿಸಿನೀರು ಎಲ್ಲಕ್ಕೂ ಇದೊಂದೇ. ನಗುವವರು ನಗಲಿ, ರಾಸಾಯನಿಕ ದಾಳಿಯ ಭಯಕ್ಕೆ ಬಾಗಿಲು ಮುಚ್ಚಿ ಗಂಟೆಗಟ್ಟಲೆ ಒಳಗೇ ಇರಬೇಕಾದಾಗ ಬಿಸಿ ಚಹಾ ಸಿಗುವುದು ಸಣ್ಣ ವಿಷಯವಲ್ಲ.

ಊರಿನ ಬದುಕು ಮತ್ತೊಂದು ಲೋಕ. ಇದು ಆರು ತಿಂಗಳ ಗಡಿ ಕಾವಲಲ್ಲ, ಸಂಸಾರ ಸಮೇತ ವರ್ಷಗಳ ವಾಸ. ಹೆಂಡತಿ ಮಕ್ಕಳಿಗೆ ಕ್ವಾರ್ಟರ್ಸ್, ಮಕ್ಕಳಿಗೆ ಸೇನೆಯದೇ ಇಂಗ್ಲಿಷ್ ಶಾಲೆ, ಕಿರಾಣಿಗೆ ನಾಫಿ ಎಂಬ ಸೈನಿಕರ ಅಂಗಡಿ, ಕೇಳಲು ಸೇನೆಯದೇ ರೇಡಿಯೊ, ತೆರಿಗೆಯಿಲ್ಲದ ಕಾರು, ರಿಯಾಯಿತಿ ಪೆಟ್ರೋಲ್ ಕೂಪನ್. ಹತ್ತು ವರ್ಷ ಜರ್ಮನಿಯಲ್ಲಿದ್ದು ‘ಎರಡು ಬಿಯರ್ ಕೊಡಿ’ ಎಂಬಷ್ಟೇ ಜರ್ಮನ್ ಕಲಿತವರು ಬೇಕಾದಷ್ಟು ಜನ. ಜರ್ಮನ್ ಹುಡುಗಿಯನ್ನು ಮದುವೆಯಾಗಿ, ನಿವೃತ್ತಿಯಾದ ಮೇಲೂ ಪಾಡರ್‌ಬಾರ್ನಿನಲ್ಲೋ ಓಸ್ನಾಬ್ರುಕ್‌ನಲ್ಲೋ ಬೇರು ಬಿಟ್ಟವರೂ ಇದ್ದಾರೆ.

ಆದರೆ ಆ ನೆಮ್ಮದಿಯ ಕೆಳಗೆ ಎರಡು ತಂತಿಗಳು ಸದಾ ಬಿಗಿದೇ ಇದ್ದವು. ಒಂದು, ‘ಆಕ್ಟಿವ್ ಎಡ್ಜ್’ ಎಂಬ ಹಠಾತ್ ಕರೆ. ನಡುರಾತ್ರಿ ಬಾಗಿಲು ಬಡಿದರೆ ಅದು ಅಭ್ಯಾಸವೋ ನಿಜವೋ ಯಾರಿಗೂ ತಿಳಿಯದು. ಕೆಲವೇ ಗಂಟೆಗಳಲ್ಲಿ ಗಾಡಿಗಳು ಬ್ಯಾರಕ್ಕಿನಿಂದ ಹೊರಗಿರಬೇಕು. ಸಂಸಾರಗಳಿಗೂ ನಿಜವಾದ ದಿನ ಬಂದರೆ ದೇಶ ಬಿಡುವ ಯೋಜನೆ ಇತ್ತು. ಇನ್ನೊಂದು, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಹೊರಟ ಸಶಸ್ತ್ರ ಗುಂಪು, ಐರಿಷ್ ರಿಪಬ್ಲಿಕನ್ ಆರ್ಮಿ. ಜರ್ಮನಿಯಲ್ಲೂ ಅದು ಬ್ರಿಟಿಷ್ ಸೈನಿಕರ ಬೆನ್ನು ಹತ್ತಿತ್ತು, 1987ರಲ್ಲಿ ರೈನ್‌ಡಾಲೆನ್ ಮುಖ್ಯಕಚೇರಿಯಲ್ಲೇ ಕಾರ್ ಬಾಂಬ್ ಸಿಡಿಯಿತು. ಬೆಳಿಗ್ಗೆ ಕಾರು ಶುರು ಮಾಡುವ ಮುನ್ನ ಬಗ್ಗಿ ಅಡಿಭಾಗ ನೋಡುವುದು ಎಲ್ಲರಿಗೂ ಅಭ್ಯಾಸವಾಯಿತು.

ಉತ್ತರ ಐರ್ಲೆಂಡ್ ತರಬೇತಿಯನ್ನೂ ತಿಂದುಹಾಕುತ್ತಿತ್ತು. ಜರ್ಮನಿಯ ಬೆಟಾಲಿಯನ್ನುಗಳೇ ಸರದಿಯ ಮೇಲೆ ನಾಲ್ಕು ತಿಂಗಳ ಗಸ್ತಿಗೆ ಬೆಲ್‌ಫಾಸ್ಟಿಗೆ ಹೋಗಬೇಕಿತ್ತು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕವಚವಾಹನ ಮರೆತು ಬೀದಿ ಗಸ್ತು ಕಲಿಯಬೇಕು. ಸೆನ್ನೆಲಾಗರ್‌ನಲ್ಲಿ ಇದಕ್ಕೆಂದೇ ಬೆಲ್‌ಫಾಸ್ಟ್ ಬೀದಿಗಳ ನಕಲೊಂದನ್ನು ಕಟ್ಟಿದ್ದರು, ‘ಟಿನ್ ಸಿಟಿ’ ಅಂತ. ಸಾಲದ್ದಕ್ಕೆ, ಕೆಲವು ವರ್ಷಕ್ಕೊಮ್ಮೆ ಇಡೀ ಬೆಟಾಲಿಯನ್ನನ್ನೇ ಬೇರೆ ದೇಶಕ್ಕೆ, ಬೇರೆ ಪಾತ್ರಕ್ಕೆ ವರ್ಗ ಮಾಡುವ ಪದ್ಧತಿಯಿತ್ತು. ವಾರಿಯರ್‌ನಲ್ಲಿ ಪಳಗಿ ಮುಗಿಯುವ ಹೊತ್ತಿಗೆ ಆ ಬೆಟಾಲಿಯನ್ ಸೈಪ್ರಸ್‌ನಲ್ಲೋ ಲಂಡನ್ನಿನಲ್ಲೋ ಕಾಲ್ನಡಿಗೆಯಲ್ಲಿರುತ್ತಿತ್ತು, ಗಾಡಿಯ ಬಾಗಿಲು ತೆಗೆಯಲೂ ಬಾರದವರು ಅದರ ಜಾಗಕ್ಕೆ ಬರುತ್ತಿದ್ದರು. ಇಷ್ಟು ಕಷ್ಟದ ವಿದ್ಯೆಯನ್ನು ಇಷ್ಟು ಸಲೀಸಾಗಿ ಚೆಲ್ಲುವುದು ಶುದ್ಧ ಮೂರ್ಖತನ ಎಂದೇ ನನ್ನ ಅಭಿಪ್ರಾಯ. ಸೇನೆಗೂ ಕೊನೆಗೆ ಹಾಗೇ ಅನ್ನಿಸಿರಬೇಕು, 2004ರಲ್ಲಿ ಈ ಪದ್ಧತಿಗೆ ಕೊನೆ ಹಾಡುವುದಾಗಿ ಪ್ರಕಟಿಸಿದರು.

ಜರ್ಮನಿಯ ಬಯಲಿಗೆಂದು ಕಲಿತ ವಿದ್ಯೆ ಕೆಲಸಕ್ಕೆ ಬಂದದ್ದು ಬೇರೆಲ್ಲೋ. 1990ರಲ್ಲಿ ಸದ್ದಾಂ ಕುವೈತನ್ನು ನುಂಗಿದಾಗ ಫಾಲಿಂಗ್‌ಬಾಸ್ಟಲ್ ಸುತ್ತಿನ 7ನೇ ಆರ್ಮರ್ಡ್ ಬ್ರಿಗೇಡ್ ಮರುಭೂಮಿಗೆ ಹೊರಟಿತು. 1991ರ ಫೆಬ್ರವರಿಯ ನೆಲದ ಕಾದಾಟ ಸುಮಾರು ನೂರು ಗಂಟೆಗಳಲ್ಲಿ ಮುಗಿಯಿತು. ಆದರೆ ಫೆಬ್ರವರಿ 26ರಂದು ಅಮೆರಿಕದ ಎ-10 ವಿಮಾನಗಳು ಎರಡು ವಾರಿಯರ್‌ಗಳನ್ನು ಶತ್ರುವಿನವೆಂದು ತಿಳಿದು ಹೊಡೆದವು, ಒಂಬತ್ತು ಬ್ರಿಟಿಷ್ ಸೈನಿಕರು ಸತ್ತರು. ಕವಚವಾಹನದಲ್ಲಿ ಒಂದು ತಪ್ಪಿನ ಬೆಲೆ ಯಾವತ್ತೂ ಒಬ್ಬನಲ್ಲ, ಒಂದಿಡೀ ಸೆಕ್ಷನ್.

ಮರುವರ್ಷ ಬೋಸ್ನಿಯಾ. ಚೆಷೈರ್ ರೆಜಿಮೆಂಟಿನವರು ವಾರಿಯರ್‌ಗಳಿಗೆ ವಿಶ್ವಸಂಸ್ಥೆಯ ಬಿಳಿ ಬಣ್ಣ ಬಳಿದು ವಿಟೆಜ್ ಎಂಬಲ್ಲಿ ನೆಲೆ ಹೂಡಿ, ಆಹಾರದ ಲಾರಿಗಳಿಗೆ ಕಾವಲಾಗಿ ನಿಂತರು. ಆಗ ಅಲ್ಲಿನ ವಿಶ್ವಸಂಸ್ಥೆ ಪಡೆಯ ಒಟ್ಟು ಮುಖ್ಯಸ್ಥ ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. 1993ರ ಏಪ್ರಿಲ್‌ನಲ್ಲಿ ಅಹ್ಮಿಚಿ ಹಳ್ಳಿಯಲ್ಲಿ ನಡೆದಿದ್ದ ನರಮೇಧವನ್ನು ಕಂಡು ಜಗತ್ತಿಗೆ ತಿಳಿಸಿದ್ದು ಇದೇ ಚೆಷೈರ್‌ನವರು. 2004ರಲ್ಲಿ ಇರಾಕಿನ ಅಲ್ ಅಮಾರಾದಲ್ಲಿ, ಗ್ರೆನಡಾ ದ್ವೀಪದಲ್ಲಿ ಹುಟ್ಟಿದ ಜಾನ್ಸನ್ ಬೆಹಾರಿ ಎಂಬ ವಾರಿಯರ್ ಚಾಲಕ, ಪೆರಿಸ್ಕೋಪ್ ಒಡೆದುಹೋದ ಮೇಲೆ ತಲೆಯನ್ನು ಹೊರಗಿಟ್ಟುಕೊಂಡೇ ಗುಂಡಿನ ನಡುವೆ ಗಾಡಿ ಓಡಿಸಿ ಒಳಗಿದ್ದವರನ್ನು ಉಳಿಸಿದ. ಮರುವರ್ಷ ಅವನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಕಂಪನಿಯಲ್ಲಿ ಚಾಲಕನೆಂದರೆ ಕೆಳಮಟ್ಟದ ಹುದ್ದೆ ಎಂದುಕೊಂಡವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ನಮ್ಮಲ್ಲೂ ಈ ವಿದ್ಯೆ ಹೊಸದೇನಲ್ಲ. 1979ರಲ್ಲಿ ಮೆಕನೈಸ್ಡ್ ಇನ್‌ಫೆಂಟ್ರಿ ರೆಜಿಮೆಂಟ್ ಹುಟ್ಟಿತು, ಅದರ ಹಿಂದಿನ ದೊಡ್ಡ ಬಲ ಜನರಲ್ ಕೆ. ಸುಂದರ್‌ಜಿ. ಮೇದಕ್‌ನ ಕಾರ್ಖಾನೆಯಲ್ಲಿ ತಯಾರಾದ ಬಿಎಂಪಿ-2ಕ್ಕೆ ಇಲ್ಲಿ ‘ಸಾರಥ್’ ಎಂದು ಹೆಸರು. ವಾರಿಯರ್‌ಗಿಂತ ಹಗುರ, ಕವಚ ತೆಳು, ಆದರೆ ನೀರಿನಲ್ಲಿ ಈಜುತ್ತದೆ. ಪಂಜಾಬಿನ ಕಾಲುವೆಗಳನ್ನು ನೆನೆದರೆ ಅದೆಷ್ಟು ಮುಖ್ಯ ಎಂದು ತಿಳಿಯುತ್ತದೆ. ಹೊರದೇಶದಲ್ಲೂ ಇವರು ನಿಂತಿದ್ದಾರೆ. 2000ದಲ್ಲಿ ಸಿಯೆರಾ ಲಿಯೋನಿನ ಕೈಲಾಹುನ್‌ನಲ್ಲಿ ಬಂಡುಕೋರರು ಎರಡು ತಿಂಗಳಿಗೂ ಹೆಚ್ಚು ಕಾಲ ಸುತ್ತುವರಿದಿದ್ದ ಭಾರತೀಯ ಶಾಂತಿಪಾಲಕರಲ್ಲಿ ಮೆಕನೈಸ್ಡ್ ಇನ್‌ಫೆಂಟ್ರಿಯ ಕಂಪನಿಯೊಂದಿತ್ತು. ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ನಡೆಸಿ ಅವರನ್ನು ಬಿಡಿಸಿಕೊಂಡರು.

ರೈನ್ ಸೇನೆ ಈಗಿಲ್ಲ. ಜರ್ಮನಿಯ ಬ್ಯಾರಕ್ಕುಗಳನ್ನು ಬ್ರಿಟಿಷರು ಒಂದೊಂದಾಗಿ ಮರಳಿಸಿ 2020ರ ಹೊತ್ತಿಗೆ ಬಹುತೇಕ ಖಾಲಿ ಮಾಡಿದರು. ವಿಚಿತ್ರವೆಂದರೆ ಅಷ್ಟರಲ್ಲಿ ವಾರಿಯರ್‌ಗಳು ರಷ್ಯಾದ ಗಡಿಗೆ ಹಿಂದೆಂದಿಗಿಂತ ಹತ್ತಿರ ತಲುಪಿದ್ದವು. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ಕಿತ್ತುಕೊಂಡ ಮೇಲೆ, 2016ರ ವಾರ್ಸಾ ಸಭೆಯಲ್ಲಿ ನ್ಯಾಟೋ ಬಾಲ್ಟಿಕ್ ದೇಶಗಳಲ್ಲೂ ಪೋಲೆಂಡಿನಲ್ಲೂ ಪಡೆಗಳನ್ನಿಡಲು ತೀರ್ಮಾನಿಸಿತು. ಎಸ್ತೋನಿಯಾದ ಟಾಪಾ ಬ್ರಿಟಿಷರ ಪಾಲಿಗೆ ಬಂತು. 2017ರಿಂದ ಅಲ್ಲಿ ಸರದಿಯ ಮೇಲೆ ವಾರಿಯರ್ ಕಂಪನಿಗಳು. ಆದರೆ ಇಲ್ಲಿ ಸಂಸಾರವಿಲ್ಲ, ಶಾಲೆಯಿಲ್ಲ. ಕೆಲವು ತಿಂಗಳು ಬಂದು, ಹಿಮದಲ್ಲಿ ಸರಪಳಿ ಜಾರದಂತೆ ಓಡಿಸುವುದನ್ನು, ಜೌಗಿನಲ್ಲಿ ಹೂತ ಗಾಡಿಯನ್ನು ಎಳೆಯುವುದನ್ನು ಕಲಿತು, ಊರಿಗೆ ಮರಳುವುದು. ಜನರನ್ನು ಅಲ್ಲೇ ಇರಿಸುವ ಖರ್ಚು ಇದರಿಂದ ಕಡಿಮೆ, ಆದರೆ ನೆಲದ ಪರಿಚಯ ಗಟ್ಟಿಯಾಗುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ.

ವಾರಿಯರ್‌ಗೆ ಹೊಸ ಟರೆಟ್, ಸ್ಥಿರವಾದ 40 ಮಿ.ಮೀ. ತೋಪು ಕೂರಿಸುವ ಯೋಜನೆಗೆ ವರ್ಷಗಟ್ಟಲೆ ಹಣ ಸುರಿದು, 2021ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟರು. ಅದರ ಜಾಗಕ್ಕೆ ಬರುತ್ತಿರುವುದು ಎಂಟು ಚಕ್ರದ ಬಾಕ್ಸರ್. ರಸ್ತೆಯಲ್ಲಿ ಸಾವಿರ ಕಿ.ಮೀ. ದಣಿವಿಲ್ಲದೆ ಓಡಬಲ್ಲದು, ಸರಪಳಿಯ ಕಾಟವಿಲ್ಲ. ಆದರೆ ಬ್ರಿಟನ್ ಕೊಂಡ ಬಾಕ್ಸರ್‌ಗಳ ಮೇಲೆ ತೋಪಿಲ್ಲ, ಒಳಗಿನಿಂದ ನಡೆಸುವ ಮಷಿನ್‌ಗನ್ನಷ್ಟೇ. ಕೆಳಗಿಳಿದ ಕಾಲಾಳುವಿಗೆ ಬೆನ್ನ ಹಿಂದಿನಿಂದ ಸಿಗುತ್ತಿದ್ದ 30 ಮಿ.ಮೀ. ಬೆಂಬಲವನ್ನು ಇನ್ನು ಮುಂದೆ ಯಾರು ಕೊಡಬೇಕು, ಟ್ಯಾಂಕೋ, ಡ್ರೋನೋ, ಬೇರೆ ಗಾಡಿಯೋ ಎಂಬ ಬಗ್ಗೆ ಬ್ರಿಟಿಷ್ ಸೇನೆಯೊಳಗೇ ಜಗಳ ಮುಗಿದಿಲ್ಲ.